ಫೀಸ್ ಮನ್ನಾ ಆದ ಮೇಲೆ ಉಳಿಯುವ ಖರ್ಚು

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡ ಪಾಲಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಗ್ರಾಂಟ್‌ಗಳ ಅಂಕಿಗಳು 2024-25ರ ಸಾಲಿನವು.)

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಡಿಗ್ರಿಯ ಸರ್ಕಾರಿ ಕಾಲೇಜಿನಲ್ಲಿ, ಒಂದು ಯೂನಿಟ್‌ಗೆ (ವಾರಕ್ಕೆ ಒಂದು ಗಂಟೆಯ ಕ್ಲಾಸಿಗೆ) 46 ಡಾಲರ್ ಫೀಸ್. 2012ರಿಂದ ಇದು ಒಂದು ಡಾಲರೂ ಏರಿಲ್ಲ. ಸೆಮಿಸ್ಟರ್‌ಗೆ 15 ಯೂನಿಟ್ ತಗೊಂಡರೆ 690 ಡಾಲರ್, ವರ್ಷಕ್ಕೆ 1,380. ಅಮೆರಿಕದಲ್ಲಿ ಇದಕ್ಕಿಂತ ಅಗ್ಗಕ್ಕೆ ಕಾಲೇಜು ಓದುವುದು ಕಷ್ಟ. ಮನೆಯ ಆದಾಯ ಕಡಿಮೆ ಇದ್ದರೆ ಅಷ್ಟೂ ಮನ್ನಾ. ಅದನ್ನು ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಅನ್ನುತ್ತಾರೆ. ಇಲ್ಲಿ ಹಳಬರಾದವರಿಗೆ ಬಾಗ್ ವೇವರ್ ಅನ್ನುವ ಹಳೆಯ ಹೆಸರು ಹೇಳಿದರೆ ಬೇಗ ಗೊತ್ತಾಗುತ್ತದೆ.

ಆದರೂ ಒಂದು ಪೈಸೆ ಫೀಸ್ ಕಟ್ಟದೇ ಓದುವ ಮಕ್ಕಳೇ ದುಡ್ಡು ಸಾಲದು ಅಂತ ಅರ್ಧಕ್ಕೆ ಕಾಲೇಜು ಬಿಡುತ್ತಾರೆ. ಇದು ಹೇಗೆ? ಬಿಡುವಿದ್ದಾಗೆಲ್ಲ ವಿದ್ಯಾರ್ಥಿಗಳ ಜತೆ ಕೂತು ಫಾಫ್ಸಾ, ಅಂದರೆ ಫೆಡರಲ್ ಸರ್ಕಾರದ ನೆರವು ಕೇಳುವ ಅರ್ಜಿ, ತುಂಬಿಸುವ ಕೆಲಸ ಮಾಡುತ್ತಾ ಬಂದಿದ್ದೇನೆ. ಆ ಮೇಜಿನ ಮುಂದೆ ಮತ್ತೆ ಮತ್ತೆ ಎದುರಾದ ಪ್ರಶ್ನೆ ಇದು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ನಮ್ಮವರಲ್ಲಿ ಎರಡು ಥರದ ಮಾತು ಕೇಳುತ್ತೇನೆ. ಒಂದು, "ಕಮ್ಯುನಿಟಿ ಕಾಲೇಜಾ? ಜನ ಏನಂದುಕೊಳ್ತಾರೆ?" ಅನ್ನುವುದು. ಈ ಮಾತಿಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. 20 ಲಕ್ಷದ ಆಸುಪಾಸಿನ ವಿದ್ಯಾರ್ಥಿಗಳು ಓದುವ, 116 ಕಾಲೇಜುಗಳ ವ್ಯವಸ್ಥೆ ಇದು. ಅದನ್ನು ಕೀಳಾಗಿ ನೋಡುವುದು ಸರಿಯಲ್ಲ. ಎರಡನೆಯದು, "ಹೇಗೂ ಫೀಸ್ ಇಲ್ಲವಲ್ಲ, ಇನ್ನು ಏಡ್ ಗೀಡ್ ಅಂತ ನೆರವಿನ ಅರ್ಜಿ ಯಾಕೆ, ಸುಮ್ನೆ ಸೇರಿಸಿಬಿಡೋಣ" ಅನ್ನುವುದು. ಹೆಚ್ಚು ನಷ್ಟ ಮಾಡುವುದು ಇದೇ.

ಕರ್ನಾಟಕದಲ್ಲಿ ಸರ್ಕಾರಿ ಕಾಲೇಜಿನಲ್ಲಿ ಓದಿದವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಅಲ್ಲಿ ಫೀಸ್ ಯಾವತ್ತೂ ದೊಡ್ಡ ವಿಷಯ ಆಗಿರಲಿಲ್ಲ, ಅಲ್ವಾ? ಬಿಸಿಎಂ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತಾ, ಬಸ್ ಪಾಸ್ ಆಯಿತಾ ಅನ್ನುವುದರ ಮೇಲೆ ಓದು ನಿಂತಿರುತ್ತಿತ್ತು. ಇಲ್ಲೂ ಅದೇ ಕಥೆ. ಅಂಕಿಗಳು ಮಾತ್ರ ಬೇರೆ.

ಈ ಕಾಲೇಜುಗಳಲ್ಲಿ 1984ರವರೆಗೆ ರಾಜ್ಯದ ಕಡೆಯಿಂದ ಫೀಸೇ ಇರಲಿಲ್ಲ. ಆಗ ಯೂನಿಟ್‌ಗೆ 5 ಡಾಲರ್‌ನಿಂದ ಶುರುವಾಯಿತು. ಬಾಗಿಲು ಎಲ್ಲರಿಗೂ ತೆರೆದಿರಬೇಕು, ಫೀಸ್ ಕಡಿಮೆ ಇರಬೇಕು ಅನ್ನುವುದು ಉನ್ನತ ಶಿಕ್ಷಣಕ್ಕೆ ರಾಜ್ಯ 1960ರಲ್ಲಿ ಮಾಡಿದ ಮಾಸ್ಟರ್ ಪ್ಲಾನ್‌ನ ಆಸೆ. ಒಳ್ಳೆಯ ಆಸೆ. ಆದರೆ ನೆರವಿನ ವ್ಯವಸ್ಥೆಯೂ ಫೀಸಿನ ಸುತ್ತಲೇ ಬೆಳೆಯಿತು. ಈ ಅರವತ್ತು ವರ್ಷಗಳಲ್ಲಿ ಬಾಡಿಗೆ ಏರಿದ ಹಾಗೆ ನೆರವು ಏರಲಿಲ್ಲ.

ಇಡೀ ದೇಶದ ಸರಾಸರಿ ನೋಡಿದರೂ ಚಿತ್ರ ಇದೇ. ಕಮ್ಯುನಿಟಿ ಕಾಲೇಜಿನ ಫೀಸ್ ವರ್ಷಕ್ಕೆ ಸುಮಾರು 4,000 ಡಾಲರ್. ಮೊದಲ ಸಲ ಸೇರಿ ಫುಲ್ ಟೈಮ್ ಓದುವವರಿಗೆ ಸಿಗುವ ಗ್ರಾಂಟ್, ಸರಾಸರಿಯಲ್ಲಿ, ಅಷ್ಟನ್ನೂ ಮುಚ್ಚಿಬಿಡುತ್ತದೆ. ಆದರೆ ಅದೇ ವಿದ್ಯಾರ್ಥಿಯ ಇಡೀ ವರ್ಷದ ಬಜೆಟ್ 20,000 ಡಾಲರ್ ದಾಟುತ್ತದೆ. ಅಂದರೆ ಒಟ್ಟು ಖರ್ಚಿನಲ್ಲಿ ಫೀಸ್ ಐದರಲ್ಲಿ ಒಂದು ಪಾಲು. ಮಿಕ್ಕ ನಾಲ್ಕು ಪಾಲು ಮನೆ, ಊಟ, ಓಡಾಟ, ಪುಸ್ತಕ. "ಫ್ರೀ ಕಾಲೇಜ್" ಅನ್ನುವ ಘೋಷಣೆ ಮಾತಾಡುವುದು ಆ ಒಂದು ಪಾಲಿನ ಬಗ್ಗೆ ಮಾತ್ರ.

ಈಗ ಒಂದು ಲೆಕ್ಕ ಮಾಡೋಣ. ಪೆನ್ನು ಕಾಗದ ಇದ್ದವರು ಬರೆದುಕೊಳ್ಳಿ.

ಸ್ಯಾನ್ ಹೋಸೆಯಲ್ಲಿ ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಮನೆಯ ಆದಾಯ ತುಂಬಾ ಕಡಿಮೆ. ಅಪ್ಪ ಅಮ್ಮನ ಜತೆ ಇರುವ ಹಾಗಿಲ್ಲ, ಇನ್ನೊಬ್ಬರ ಜತೆ ಮನೆ ಹಂಚಿಕೊಂಡಿದ್ದಾನೆ. ಬಾಡಿಗೆಯ ಪಾಲು ತಿಂಗಳಿಗೆ 1,100 ಡಾಲರ್ ಇಟ್ಟುಕೊಳ್ಳಿ. ಊಟಕ್ಕೆ 400. ಬಸ್ಸು, ಫೋನು, ಬಟ್ಟೆ, ಔಷಧಿ ಎಲ್ಲ ಸೇರಿ 200. ಪುಸ್ತಕ ಮತ್ತು ಸಾಮಾನಿಗೆ ವರ್ಷಕ್ಕೆ 1,000. ಒಟ್ಟು ವರ್ಷಕ್ಕೆ 21,400 ಡಾಲರ್. ಇಲ್ಲಿ ವಾಸ ಮಾಡುವವರಿಗೆ ಗೊತ್ತು, ಇದು ಕೈ ಬಿಗಿ ಹಿಡಿದು ಹಾಕಿದ ಲೆಕ್ಕ.

ಇನ್ನು ನೆರವು. ಫೀಸ್ ಮನ್ನಾ. ಕಡಿಮೆ ಆದಾಯದವರಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಪೂರ್ತಿ ಸಿಕ್ಕರೆ ವರ್ಷಕ್ಕೆ 7,395. ರಾಜ್ಯ ಕೊಡುವ ಕ್ಯಾಲ್ ಗ್ರಾಂಟ್ ಬಿ ಸಿಕ್ಕರೆ 1,648. ಕ್ಯಾಲ್ ಗ್ರಾಂಟ್ ಇರುವ ಫುಲ್ ಟೈಮ್ ವಿದ್ಯಾರ್ಥಿಗೆ ಸ್ಟೂಡೆಂಟ್ ಸಕ್ಸೆಸ್ ಕಂಪ್ಲೀಷನ್ ಗ್ರಾಂಟ್ ಅಂತ ಇನ್ನೊಂದಿದೆ. ಇದರ ಹೆಸರು ಪಾಲಕರಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ಆದರೆ ಇಡೀ ಲೆಕ್ಕ ತಿರುಗುವುದು ಇದರ ಮೇಲೆ. 12 ಯೂನಿಟ್ ತಗೊಂಡರೆ ಸೆಮಿಸ್ಟರ್‌ಗೆ 1,298 ಡಾಲರ್. 15 ಅಥವಾ ಅದಕ್ಕೂ ಜಾಸ್ತಿ ತಗೊಂಡರೆ 4,000.

ನಮ್ಮ ಹುಡುಗ 15 ಯೂನಿಟ್ ತಗೊಂಡ ಅನ್ನಿ. ವರ್ಷಕ್ಕೆ ಒಟ್ಟು ನೆರವು 17,043 ಡಾಲರ್. ಕೈಯಿಂದ ಹಾಕಬೇಕಾದ್ದು 4,357. ಗಂಟೆಗೆ ಕೈಗೆ 16 ಡಾಲರ್ ಬರುವ ಕೆಲಸ ಇದ್ದರೆ ವಾರಕ್ಕೆ ಐದಾರು ಗಂಟೆ ದುಡಿದರೆ ಸಾಕು. ಡಿಗ್ರಿಗೆ ಬೇಕಾದ 60 ಯೂನಿಟ್ ಎರಡು ವರ್ಷದಲ್ಲಿ ಮುಗಿಯುತ್ತದೆ.

12 ಯೂನಿಟ್ ತಗೊಂಡರೆ ನೆರವು 11,639. ಕೈಯಿಂದ 9,761. ವಾರಕ್ಕೆ 12 ಗಂಟೆ ಕೆಲಸ. ಮುಗಿಸಲು ಎರಡೂವರೆ ವರ್ಷ.

ಈಗ ಅವನು 7 ಯೂನಿಟ್‌ಗೆ ಇಳಿದ ಅನ್ನಿ. ಪೆಲ್ ಗ್ರಾಂಟ್ ಯೂನಿಟ್ ಲೆಕ್ಕದಲ್ಲಿ ಕಡಿತ ಆಗುತ್ತದೆ. 12ಕ್ಕೆ 7 ಅಂದರೆ ಶೇಕಡಾ 58, ಅಂದರೆ 4,289 ಡಾಲರ್. ಕ್ಯಾಲ್ ಗ್ರಾಂಟ್ ಅರ್ಧ, 824. ಕಂಪ್ಲೀಷನ್ ಗ್ರಾಂಟ್ ಪೂರ್ತಿ ಹೋಯಿತು. ಒಟ್ಟು 5,113. ಬಾಡಿಗೆ ಮಾತ್ರ ಯೂನಿಟ್ ನೋಡಿ ಕಡಿಮೆ ಆಗುವುದಿಲ್ಲ. ಕೈಯಿಂದ ಹಾಕಬೇಕಾದ್ದು ವರ್ಷಕ್ಕೆ 16,287. ವಾರಕ್ಕೆ ಸುಮಾರು 20 ಗಂಟೆ ಕೆಲಸ. 60 ಯೂನಿಟ್ ಮುಗಿಸಲು ನಾಲ್ಕು ವರ್ಷ ದಾಟುತ್ತದೆ.

ಇಡೀ ಡಿಗ್ರಿಗೆ ಹೊಂದಿಸಬೇಕಾದ ಹಣ ಕೂಡಿಸಿ ನೋಡಿ. ಮೊದಲ ದಾರಿಯಲ್ಲಿ 8,714 ಡಾಲರ್. ಎರಡನೆಯದರಲ್ಲಿ 24,000 ಚಿಲ್ಲರೆ. ಮೂರನೆಯದರಲ್ಲಿ ಹತ್ತಿರ ಹತ್ತಿರ 70,000. ಕಾಲೇಜು ಅದೇ, ಪಾಠ ಅದೇ, ಮೂರರಲ್ಲೂ ಫೀಸ್ ಸೊನ್ನೆ.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: "ಓದದಿದ್ದರೂ ಬಾಡಿಗೆ ಕಟ್ಟಬೇಕು, ಊಟ ಮಾಡಬೇಕು. ಅದನ್ನ ಯಾಕೆ ಕಾಲೇಜಿನ ಖರ್ಚಿಗೆ ಸೇರಿಸ್ತೀರಿ?" ನ್ಯಾಯವಾದ ಪ್ರಶ್ನೆ. ಆ ಖರ್ಚು ಓದಿನಿಂದ ಹುಟ್ಟಿದ್ದಲ್ಲ, ನಿಜ. ಆದರೆ 12 ಯೂನಿಟ್ ಅಂದರೆ ವಾರಕ್ಕೆ 12 ಗಂಟೆ ಕ್ಲಾಸು, ಅದರ ಎರಡರಷ್ಟು ಹೊತ್ತು ಮನೆಯಲ್ಲಿ ಓದು. ಒಟ್ಟು 36 ಗಂಟೆ. ಆ ಗಂಟೆಗಳನ್ನು ದುಡಿಮೆಗೆ ಕೊಟ್ಟಿದ್ದರೆ ಬಾಡಿಗೆ ಹುಟ್ಟುತ್ತಿತ್ತು. ಓದುವವನು ಬಿಟ್ಟುಕೊಡುವುದು ಆ ಸಂಬಳವನ್ನ. ಫೆಡರಲ್ ಕಾನೂನು ಕೂಡ ಕಾಲೇಜಿನ ಖರ್ಚು ಅಂದಾಗ ವಸತಿ, ಊಟ, ಓಡಾಟ ಎಲ್ಲವನ್ನೂ ಸೇರಿಸಿಯೇ ಲೆಕ್ಕ ಹಾಕಲು ಹೇಳುತ್ತದೆ. ಪ್ರತಿ ಕಾಲೇಜೂ ಈ ಮೊತ್ತವನ್ನು ಪ್ರಕಟಿಸಬೇಕು. ಫೀಸ್ ಪಟ್ಟಿ ನೋಡುವ ಮೊದಲು ಅದನ್ನು ಹುಡುಕಿ ಓದಿ.

ಮೂರನೆಯ ದಾರಿಯನ್ನು ಯಾರೂ ಬೇಕು ಅಂತ ಆರಿಸಿಕೊಳ್ಳುವುದಿಲ್ಲ. ಅದಕ್ಕೆ ತಳ್ಳಲ್ಪಡುತ್ತಾರೆ. ನಾನು ಕಂಡಿದ್ದನ್ನು ಹೇಳುತ್ತೇನೆ. ಒಬ್ಬಳು ಹುಡುಗಿಯ ಫೈಲು ವೆರಿಫಿಕೇಷನ್‌ಗೆ, ಅಂದರೆ ಅರ್ಜಿಯ ವಿವರಗಳ ತಪಾಸಣೆಗೆ, ಹೋಯಿತು. ಅಪ್ಪನ ಟ್ಯಾಕ್ಸ್ ಕಾಗದ ಸಿಗಲಿಲ್ಲ, ಇನ್ನೊಂದು ಫಾರಂಗೆ ಸಹಿ ಬೇಕಾಯಿತು. ಟರ್ಮ್ ಶುರುವಾಗಿ ವಾರಗಳು ಕಳೆದವು, ದುಡ್ಡು ಬರಲಿಲ್ಲ. ಗಣಿತದ ಹೋಮ್‌ವರ್ಕ್ ಆನ್‌ಲೈನಿನಲ್ಲಿ. ಅದಕ್ಕೊಂದು ಆಕ್ಸೆಸ್ ಕೋಡ್ ಕೊಳ್ಳಬೇಕು. ಹಳೆಯ ಪುಸ್ತಕ ಕೊಂಡರೆ ಕೋಡ್ ಬರುವುದಿಲ್ಲ. ಕೋಡ್ ಇಲ್ಲದೆ ಮೊದಲ ಹೋಮ್‌ವರ್ಕುಗಳಿಗೆ ಸೊನ್ನೆ ಬಿತ್ತು. ಅವಳು ಅಂಗಡಿಯಲ್ಲಿ ಸಂಜೆಯ ಶಿಫ್ಟ್ ಹಿಡಿದಳು, ಸಂಜೆಯ ಕ್ಲಾಸು ಬಿಟ್ಟಳು. ಕ್ಲಾಸು ಬಿಟ್ಟಿದ್ದಕ್ಕೆ 12 ಯೂನಿಟ್‌ಗಿಂತ ಕೆಳಗೆ ಬಂದಳು. ಗ್ರಾಂಟ್ ಬಂದಾಗ ಕಡಿತ ಆಗಿ ಬಂತು. ಕಡಿತ ಆಗಿದ್ದಕ್ಕೆ ಇನ್ನೊಂದು ಶಿಫ್ಟ್. ಬುದ್ಧಿವಂತ ಹುಡುಗಿ. ಅವಳು ಎಲ್ಲೂ ತಪ್ಪು ಹೆಜ್ಜೆ ಇಟ್ಟಿರಲಿಲ್ಲ. ಆಯಾ ವಾರಕ್ಕೆ ಯಾವುದು ಸರಿಯೋ ಅದನ್ನೇ ಮಾಡಿದ್ದಳು.

ಇದನ್ನು ಸ್ವಲ್ಪ ಮಟ್ಟಿಗೆ ತಡೆಯಬಹುದು. ಪೆಲ್‌ಗೆ ಅರ್ಹತೆ ಇರುವ ವಿದ್ಯಾರ್ಥಿಗೆ ಟರ್ಮಿನ ಏಳನೇ ದಿನದೊಳಗೆ ಪುಸ್ತಕ ಕೊಳ್ಳಲು ಕಾಲೇಜು ದಾರಿ ಮಾಡಿಕೊಡಬೇಕು ಅಂತ ಫೆಡರಲ್ ನಿಯಮ ಇದೆ. ಆದರೆ ಟರ್ಮ್ ಶುರುವಾಗುವ ಮುಂಚೆಯೇ ಫೈಲು ಪೂರ್ತಿ ಆಗಿರಬೇಕು. ಆಗಸ್ಟಿನಲ್ಲಿ ಓಡಾಡುವ ಬದಲು ಮಾರ್ಚಿನಲ್ಲೇ ಅರ್ಜಿ ಮುಗಿಸಿ ಅಂತ ನಾನು ಗೋಗರೆಯುವುದು ಇದಕ್ಕೇ. ಇನ್ನೊಂದು: ಕ್ಲಾಸುಗಳ ಪಟ್ಟಿಯಲ್ಲಿ ಪುಸ್ತಕದ ಖರ್ಚಿಲ್ಲದ ಕ್ಲಾಸುಗಳಿಗೆ ಗುರುತು ಹಾಕಬೇಕು ಅಂತ ರಾಜ್ಯದ ಕಾನೂನಿದೆ. ಸೇರುವಾಗ ಆ ಗುರುತು ನೋಡಿ ಆರಿಸಿಕೊಂಡರೆ ವರ್ಷಕ್ಕೆ ನೂರಾರು ಡಾಲರ್ ಉಳಿಯುತ್ತದೆ.

ಪೂರ್ತಿ ಟರ್ಮ್ ಬಿಟ್ಟುಹೋಗುವ ಪರಿಸ್ಥಿತಿ ಬಂದರೆ ದಯವಿಟ್ಟು ಮೊದಲು ಏಡ್ ಆಫೀಸಿಗೆ ಹೋಗಿ ಕೇಳಿ. ಟರ್ಮಿನ ಶೇಕಡಾ 60 ಮುಗಿಯುವ ಮುಂಚೆ ಎಲ್ಲ ಕ್ಲಾಸು ಬಿಟ್ಟರೆ ಫೆಡರಲ್ ಗ್ರಾಂಟಿನ ಒಂದು ಭಾಗ ವಾಪಸ್ ಕಟ್ಟಬೇಕಾಗಬಹುದು. ಆ ಬಾಕಿ ಇತ್ಯರ್ಥ ಆಗುವವರೆಗೆ ಮುಂದಿನ ನೆರವು ನಿಲ್ಲುತ್ತದೆ. ಅಮ್ಮನಿಗೆ ಹುಷಾರಿಲ್ಲ ಅಂತ ಓದು ಬಿಟ್ಟ ಮಗು ಮತ್ತೆ ಬಂದಾಗ ಬಾಗಿಲಲ್ಲಿ ಸಾಲದ ಚೀಟಿ ಕಾಯುತ್ತಿರುತ್ತದೆ.

ಈಗ ಎಲ್ಲರಿಗೂ ಆಶ್ಚರ್ಯ ಆಗುವ ಮಾತು. ಬಡ ಮನೆಯ ಮಗುವಿಗೆ ಗ್ರಾಂಟ್ ಕಳೆದ ಮೇಲೆ ಕಮ್ಯುನಿಟಿ ಕಾಲೇಜೇ ಅಗ್ಗ ಅಂತ ಹೇಳಲು ಬರುವುದಿಲ್ಲ. ಕಾಲೇಜಿನ ಖರ್ಚು, ಸಾಲಗಳ ಅಧ್ಯಯನ ಮಾಡುವ ಟೈಕಾಸ್ ಅನ್ನುವ ಸಂಸ್ಥೆ ಕ್ಯಾಲಿಫೋರ್ನಿಯಾದ ಬೇರೆ ಬೇರೆ ಭಾಗಗಳಲ್ಲಿ ಹೋಲಿಸಿ ನೋಡಿತು. ಹೆಚ್ಚಿನ ಕಡೆ ಕಡಿಮೆ ಆದಾಯದ ವಿದ್ಯಾರ್ಥಿಗೆ ಅದೇ ಊರಿನ ಸರ್ಕಾರಿ ವಿಶ್ವವಿದ್ಯಾಲಯಗಳಾದ ಯೂಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಕ್ಯಾಲ್ ಸ್ಟೇಟ್‌ಗಿಂತ ಕಮ್ಯುನಿಟಿ ಕಾಲೇಜೇ ದುಬಾರಿ ಬಿದ್ದಿತ್ತು. ಕಾರಣ ಸುಲಭ. ಯೂಸಿಯ ಫೀಸ್ ವರ್ಷಕ್ಕೆ 14,000 ದಾಟಿದೆ. ಆದರೆ ಕ್ಯಾಲ್ ಗ್ರಾಂಟ್ ಆ ಫೀಸನ್ನು ಕಟ್ಟುತ್ತದೆ, ಅದರ ಮೇಲೆ ಯೂಸಿ ತನ್ನ ಸ್ವಂತ ಹಣದಿಂದಲೂ ವಸತಿ ಊಟಕ್ಕೆ ಸೇರಿಸುತ್ತದೆ. ಕಮ್ಯುನಿಟಿ ಕಾಲೇಜಿನ ಬಳಿ ಅಂಥ ಗಂಟಿಲ್ಲ. ಆ ಹೋಲಿಕೆ ಆದದ್ದು 2017ರಲ್ಲಿ. ಆಮೇಲೆ ಕಂಪ್ಲೀಷನ್ ಗ್ರಾಂಟನ್ನು ಹೆಚ್ಚಿಸಿದ್ದಾರೆ, ಅದು ಒಳ್ಳೆಯದೇ. ಆದರೂ 15 ಯೂನಿಟ್ ಹೊರಬಲ್ಲವರಿಗೆ ಮಾತ್ರ ಅದರ ಪೂರ್ತಿ ಲಾಭ. ಹಾಗಾಗಿ ನಿಮ್ಮ ಮಗುವಿಗೆ ಯೂಸಿಯಲ್ಲಿ ಸೀಟು ಸಿಕ್ಕಿದ್ದರೆ, ಫೀಸ್ ನೋಡಿ ಹೆದರಿ ಬಿಡಬೇಡಿ. ಎರಡೂ ಕಡೆಯ ನೆರವಿನ ಪತ್ರ ಪಕ್ಕದಲ್ಲಿಟ್ಟು ಕಳೆಯಿರಿ.

ಫೀಸ್ ಮನ್ನಾ ಯೋಜನೆಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಟೆನೆಸಿ ರಾಜ್ಯ 2015ರಲ್ಲಿ ತನ್ನ ಪ್ರಾಮಿಸ್ ಯೋಜನೆಯಡಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅಲ್ಲಿಂದ ಇದು ದೇಶದ ಎಷ್ಟೋ ಕಡೆ ಹರಡಿತು. ಆ ಯೋಜನೆ ನಡೆಯುವ ರೀತಿ ಹೀಗೆ: ಮೊದಲು ಪೆಲ್ ಗ್ರಾಂಟನ್ನು ಫೀಸಿಗೆ ಹಾಕು, ಫೀಸ್ ಇನ್ನೂ ಬಾಕಿ ಉಳಿದರೆ ರಾಜ್ಯ ಕಟ್ಟುತ್ತದೆ. ಬಡ ಮಗುವಿನ ಪೆಲ್ ಗ್ರಾಂಟೇ ಫೀಸಿಗೆ ಸಾಕಾಗುತ್ತದೆ. ಹಾಗಾಗಿ ರಾಜ್ಯದ ಹಣ ಆ ಮಗುವಿಗೆ ಒಂದು ಡಾಲರೂ ಸಿಗದೇ ಹೋಗಬಹುದು. ಪೆಲ್‌ಗೆ ಸಿಗದ ಮಧ್ಯಮ ವರ್ಗದವರಿಗೆ ಸಿಗುತ್ತದೆ. ಇದು ನನಗೆ ಸರಿ ಅನ್ನಿಸುವುದಿಲ್ಲ. ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾವೇ ಮೇಲು. ಇಲ್ಲಿ ಫೀಸ್ ಮೊದಲು ಮನ್ನಾ ಆಗುತ್ತದೆ, ಪೆಲ್ ಹಣ ಪೂರ್ತಿ ಬಾಡಿಗೆ ಊಟಕ್ಕೆ ಉಳಿಯುತ್ತದೆ.

ಏನು ಮಾಡಿದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕಿನಲ್ಲಿ ಉತ್ತರ ಇದೆ. ಅಲ್ಲಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಏಸಾಪ್ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಉಚಿತ ಮೆಟ್ರೋ ಕಾರ್ಡ್, ಪುಸ್ತಕಕ್ಕೆ ನೆರವು, ಫೀಸಿನಲ್ಲಿ ಉಳಿದ ಬಾಕಿ ಮನ್ನಾ, ಆಗಾಗ ಭೇಟಿ ಆಗಲೇಬೇಕಾದ ಸಲಹೆಗಾರರು. ಬದಲಿಗೆ ಫುಲ್ ಟೈಮ್ ಓದಬೇಕು. ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಏಸಾಪ್‌ನಲ್ಲಿ ಶೇಕಡಾ 40, ಹೊರಗೆ ಶೇಕಡಾ 22. ಬಸ್ಸು ರೈಲಿನ ಕಾರ್ಡಿಗೆ ಅಷ್ಟು ಶಕ್ತಿ ಇದೆ ಅಂದರೆ ನಂಬಲು ಕಷ್ಟ. ಆದರೆ ಕಾಲೇಜಿಗೆ ಬರುವುದಕ್ಕೇ ಕಾಸಿಲ್ಲದವರಿಗೆ ಅದು ದೊಡ್ಡದು. ನಮ್ಮ ರಾಜ್ಯದ ಕಥೆಯನ್ನೇ ನೋಡಿ: ಲಾಂಗ್ ಬೀಚ್ ಸಿಟಿ ಕಾಲೇಜು 2021ರಲ್ಲಿ ಕಾರಿನಲ್ಲೇ ಮಲಗುವ ತನ್ನ ವಿದ್ಯಾರ್ಥಿಗಳಿಗಾಗಿ ರಾತ್ರಿ ಸುರಕ್ಷಿತವಾಗಿ ಪಾರ್ಕ್ ಮಾಡುವ ವ್ಯವಸ್ಥೆ ಮಾಡಿತು. ಅಂಥವರಿಗೂ ಫೀಸ್ ಮನ್ನಾ ಸಿಕ್ಕಿರುತ್ತದೆ.

ಇನ್ನು ಈ ಸಭೆಯಲ್ಲಿರುವ ಹೆಚ್ಚಿನ ಮನೆಗಳ ವಿಷಯ. ಮಕ್ಕಳು ಮನೆಯಲ್ಲೇ ಇದ್ದು ಓದುತ್ತಾರೆ, ಪೆಲ್ ಸಿಗುವಷ್ಟು ಕಡಿಮೆ ಆದಾಯ ಇಲ್ಲ. ನಿಮಗೆ ಫೀಸ್ ಮತ್ತು ಪುಸ್ತಕ, ಜತೆಗೆ ಕಾರು ಮತ್ತು ಎಳೆ ವಯಸ್ಸಿನವರ ಕಾರ್ ಇನ್ಶೂರೆನ್ಸ್. ಅದೇ ಫೀಸಿಗಿಂತ ಜಾಸ್ತಿ ಆಗುತ್ತದೆ. ಆದರೂ ಎರಡು ವರ್ಷಕ್ಕೆ ಇದು ಕಡಿಮೆಯೇ. ನಿಮಗೆ ದೊಡ್ಡ ಖರ್ಚು ಕೂತಿರುವುದು ಬೇರೆ ಕಡೆ, ಟ್ರಾನ್ಸ್‌ಫರ್‌ನಲ್ಲಿ, ಅಂದರೆ ಎರಡು ವರ್ಷದ ಮೇಲೆ ಯೂಸಿಯಂಥ ಕಡೆಗೆ ಹೋಗಿ ಸೇರುವುದರಲ್ಲಿ.

ಕಾಲೇಜು ಬದಲಿಸಿದವರು ಸರಾಸರಿ ಶೇಕಡಾ 43ರಷ್ಟು ಕ್ರೆಡಿಟ್ (ಓದಿ ಮುಗಿಸಿದ ಯೂನಿಟ್) ಕಳಕೊಂಡರು ಅಂತ ಸರ್ಕಾರದ ಲೆಕ್ಕ ತಪಾಸಣೆ ಸಂಸ್ಥೆ 2017ರಲ್ಲಿ ಹೇಳಿತು. ಅದು ದೇಶದ ಎಲ್ಲ ಥರದ ಟ್ರಾನ್ಸ್‌ಫರ್ ಸೇರಿಸಿದ ಅಂಕಿ. ಕ್ಯಾಲಿಫೋರ್ನಿಯಾದಲ್ಲಿ ದಾರಿ ಇದಕ್ಕಿಂತ ಸ್ಪಷ್ಟ ಇದೆ, ಆದರೆ ದಾರಿ ಹಿಡಿದವರಿಗೆ ಮಾತ್ರ. ಮೂರು ಯೂನಿಟ್‌ನ ತಪ್ಪು ಕ್ಲಾಸು ತಗೊಂಡರೆ ಹೋಗುವ ಫೀಸ್ 138 ಡಾಲರ್. ಆದರೆ ಬೇಕಿದ್ದ ಕ್ಲಾಸು ವರ್ಷಕ್ಕೊಮ್ಮೆ ಮಾತ್ರ ನಡೆಯುವಂಥದ್ದಾಗಿದ್ದರೆ ಟ್ರಾನ್ಸ್‌ಫರ್ ಒಂದು ವರ್ಷ ಮುಂದೆ ಹೋಗುತ್ತದೆ. ಅಸಿಸ್ಟ್ ಅನ್ನುವ ರಾಜ್ಯದ ತಾಣದಲ್ಲಿ ನಿಮ್ಮ ಕಾಲೇಜಿನ ಯಾವ ಕ್ಲಾಸು ಯಾವ ಯೂಸಿಯ ಯಾವ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಲೆಕ್ಕಕ್ಕೆ ಬರುತ್ತದೆ ಅಂತ ಇದೆ. ಮೊದಲ ಸೆಮಿಸ್ಟರ್‌ನಲ್ಲೇ ಅದನ್ನು ತೆರೆದು ಕೂರಿ. ಟ್ಯಾಗ್ ಅನ್ನುವ ಖಾತ್ರಿ ಪ್ರವೇಶ ಆರು ಯೂಸಿಗಳಲ್ಲಿದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಸ್. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಇದರಲ್ಲಿ ಇಲ್ಲ. ಮೇಜರ್‌ಗಳಲ್ಲೂ ಕೆಲವನ್ನು ಹೊರಗಿಟ್ಟಿರುತ್ತಾರೆ, ನೋಡಿಕೊಳ್ಳಿ.

ಟ್ಯಾಕ್ಸ್ ಬಗ್ಗೆ ಒಂದು ಮಾತು. ಕಾಲೇಜು ಖರ್ಚಿಗೆ ಟ್ಯಾಕ್ಸಿನಲ್ಲಿ ರಿಯಾಯಿತಿ ಕೊಡುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ವರ್ಷಕ್ಕೆ 2,500 ಡಾಲರ್‌ವರೆಗೆ ಸಿಗುತ್ತದೆ. ಗಂಡ ಹೆಂಡತಿ ಸೇರಿ ಸಲ್ಲಿಸುವವರ ಆದಾಯ 1,80,000 ದಾಟಿದರೆ ಇಲ್ಲ. ಒಂದು ಮಗುವಿಗೆ ನಾಲ್ಕು ಟ್ಯಾಕ್ಸ್ ವರ್ಷ ಮಾತ್ರ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು, ಯೂಸಿಯಲ್ಲಿ ಎರಡು ವರ್ಷದ ಓದು ಕ್ಯಾಲೆಂಡರಿನಲ್ಲಿ ಐದು ವರ್ಷಗಳನ್ನು ಮುಟ್ಟುತ್ತದೆ. ಹಾಗಾಗಿ ಖರ್ಚು ತೀರಾ ಕಡಿಮೆ ಇರುವ ವರ್ಷವನ್ನು ಬಿಟ್ಟು, ಯೂಸಿಯ ದುಬಾರಿ ವರ್ಷಗಳಿಗೆ ಉಳಿಸಿಕೊಳ್ಳುವುದು ಜಾಣತನ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಮಗಳು ಇಲ್ಲೇ ಹುಟ್ಟಿದವಳು, ನಾವು ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಫಾಫ್ಸಾ ತುಂಬಬಹುದಾ ಅಂತ ಒಬ್ಬರು ಕೇಳಿದರು. ಖಂಡಿತ ತುಂಬಬಹುದು. ನೋಡುವುದು ವಿದ್ಯಾರ್ಥಿಯ ಪೌರತ್ವವನ್ನು, ಅಪ್ಪ ಅಮ್ಮನ ವೀಸಾವನ್ನಲ್ಲ. ಗ್ರೀನ್ ಕಾರ್ಡ್ ಇರುವ ಮಕ್ಕಳೂ ತುಂಬಬಹುದು. ಅಮ್ಮನಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಫಾಫ್ಸಾ ತುಂಬಲು ಬೇಕಾದ ಖಾತೆಯನ್ನು ಈಗ ತೆರೆಯಬಹುದು. ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ 2 ಕೊನೆಯ ದಿನ. ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರ ಎರಡನೇ ಅವಕಾಶ ಇದೆ, ಆದರೆ ಅದನ್ನು ನಂಬಿ ಕೂರಬೇಡಿ.

ಎಚ್-4, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿರುವ ಮಗನ ತಾಯಿ ಒಬ್ಬರು ನೆರವಿನ ಬಗ್ಗೆ ಕೇಳಿದರು. ಅವರಿಗೆ ಒಳ್ಳೆಯ ಸುದ್ದಿ ಕೊಡಲು ನನ್ನಿಂದ ಆಗಲಿಲ್ಲ. ಎಚ್-4 ಮಕ್ಕಳಿಗೆ ಫೆಡರಲ್ ನೆರವು ಸಿಗುವುದಿಲ್ಲ. ಆದರೆ ಕುಟುಂಬ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದರೆ ನಿವಾಸಿಗಳ ದರದಲ್ಲಿ, ಅಂದರೆ 46 ಡಾಲರ್‌ಗೆ ಓದಬಹುದು. 21 ತುಂಬಿದರೆ ಎಚ್-4 ಮುಗಿಯುತ್ತದೆ. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾದರೆ ಹೊರಗಿನವರ ದರ, ಹಲವು ಪಟ್ಟು ಜಾಸ್ತಿ. ಹತ್ತು ಹದಿನೈದು ವರ್ಷ ಇಲ್ಲೇ ಬೆಳೆದ ಮಗುವನ್ನು ಹೀಗೆ ಹೊರಗಿನವನು ಅನ್ನುವುದು ಅನ್ಯಾಯ. ಹದಿನೆಂಟಕ್ಕೆ ಕಾಲೇಜು ಸೇರಿದವನಿಗೆ 21ರ ಒಳಗೆ ಎಷ್ಟು ಯೂನಿಟ್ ಮುಗಿಯುತ್ತದೆ ಅನ್ನುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ದುಡ್ಡಿನ ಲೆಕ್ಕ. ಬೇಸಿಗೆಯ ಕ್ಲಾಸುಗಳನ್ನೂ ಬಿಡದೆ ತಗೊಳ್ಳಲಿ.

ಮೂರನೆಯವರಿಗೆ ಲೇಆಫ್ ಆಗಿದೆ. "ಫಾಫ್ಸಾದಲ್ಲಿ ಹಳೆಯ ಸಂಬಳವೇ ಕಾಣುತ್ತದೆ, ಏನೂ ಸಿಗಲಿಲ್ಲ" ಅಂದರು. ಹೌದು, 2024-25ರ ಅರ್ಜಿ ನೋಡಿದ್ದು 2022ರ ಆದಾಯವನ್ನ. ಆದರೆ ಅದು ಕೊನೆಯ ಮಾತಲ್ಲ. ಪ್ರೊಫೆಷನಲ್ ಜಡ್ಜ್‌ಮೆಂಟ್ ಬೇಕು ಅಂತ ಏಡ್ ಆಫೀಸಿನಲ್ಲಿ ಕೇಳಿ. ಈಗಿನ ಪರಿಸ್ಥಿತಿ ನೋಡಿ ಅಂಕಿ ಬದಲಿಸುವ ಅಧಿಕಾರ ಅವರಿಗೆ ಕಾನೂನಿನಲ್ಲೇ ಇದೆ. ಕೆಲಸ ಹೋದ ಪತ್ರ, ಕೊನೆಯ ಪೇ ಸ್ಲಿಪ್, ನಿರುದ್ಯೋಗ ಭತ್ಯೆಯ ಕಾಗದ, ಕೈಯಲ್ಲಿ ಬರೆದ ಒಂದು ಪುಟದ ವಿವರಣೆ ಒಯ್ಯಿರಿ. ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ. ಅರ್ಜಿ ಅವನದು. ಅವನ ಒಪ್ಪಿಗೆ ಇಲ್ಲದೆ ಆಫೀಸಿನವರು ನಿಮ್ಮ ಜತೆ ಅವನ ಫೈಲಿನ ಬಗ್ಗೆ ಮಾತಾಡುವುದಿಲ್ಲ.